ಸಂಶಿ ಬಸ್ಸಿನ ಫಕ್ಕೀರಪ್ಪ ಕಾಕಾ

ಸಂಶಿ–ಹುಬ್ಬಳ್ಳಿ ಬಸ್ಸಿನಲ್ಲಿ ಯಾರು ಯಾರ ಬಾಜು ಕೂಡಬೇಕೆಂಬುದನ್ನು ಕಂಡಕ್ಟರ್ ಫಕ್ಕೀರಪ್ಪ ಕಾಕಾ ನಿರ್ಧರಿಸುತ್ತಿದ್ದರು. ಎಮ್ಮೆ ಮಾರುವವರ ಪಕ್ಕ ಕೊಳ್ಳುವವರು, ಸೊಂಟನೋವಿನವರ ಪಕ್ಕ ಔಷಧ ಬಲ್ಲವರು. "ಏಳ್ರಿ, ಈ ಕಡೆ ಬರ್ರಿ, ನಿಮಗ ಇವರ ಕೂಡ ಕೆಲಸ ಐತಿ" ಎಂದರೆ ಮುಗಿಯಿತು. ಇಳಿಯುವ ಹೊತ್ತಿಗೆ ಇಬ್ಬರೂ ಫೋನ್ ನಂಬರ್ ಬರೆದುಕೊಂಡಿರುತ್ತಿದ್ದರು.

ನಾನಾಗ ಹುಬ್ಬಳ್ಳಿಯ ಕಾಲ್ ಸೆಂಟರೊಂದರಲ್ಲಿ ದಿನವಿಡೀ ಗಿರಾಕಿಗಳ ಬೈಗುಳ ಕೇಳುತ್ತಿದ್ದೆ. ಅವರು ಬೈಯುವ ವಸ್ತುವನ್ನು ಹೇಗೆ ಸರಿಮಾಡಬೇಕೆಂದು ತೀರ್ಮಾನಿಸುವವರಿಗೆ ಪ್ರಾಡಕ್ಟ್ ಮ್ಯಾನೇಜರ್ ಅನ್ನುತ್ತಾರೆಂದು ತಿಳಿದಾಗ, ಆಗುವುದಾದರೆ ಅದೇ ಆಗಬೇಕೆನಿಸಿತು. ಭಾನುವಾರಗಳಂದು ಆನ್‌ಲೈನ್ ತರಬೇತಿ ಮುಗಿಸಿ, ಸರ್ಟಿಫಿಕೇಟ್ ಹಚ್ಚಿ ಕಂಡಕಂಡಲ್ಲಿ ಅರ್ಜಿ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಒಂದು ಸಂಜೆ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಕಾಕಾ ಎಲ್ಲ ಕೇಳಿ ತಿಳಿದುಕೊಂಡರು.

ಮರುದಿನ ನನ್ನನ್ನು ಸುನಂದಾ ಮೇಡಂ ಪಕ್ಕ ಕೂಡಿಸಿದರು. ಟ್ರ್ಯಾಕ್ಟರ್ ಬಾಡಿಗೆಗೆ ಗೊತ್ತುಮಾಡುವ ಆ್ಯಪ್ ನಡೆಸುವ ಕಂಪನಿಯಲ್ಲಿ ಅವರದು ನಾನು ಬಯಸಿದ್ದ ಅದೇ ಕೆಲಸ. ಮೂರು ದಿನ ನನಗೆ ಬಾಯಿಯೇ ಬರಲಿಲ್ಲ. ನಾಲ್ಕನೆಯ ದಿನ ಕಾಕಾ ಗದರಿದರು: "ನೀ ಕಿಡಕಿ ನೋಡ್ತಿ, ಅವರು ಫೋನ್ ನೋಡ್ತಾರ. ಮಾತಾಡಾಕ ಬ್ಯಾರೆ ಟಿಕೆಟ್ ಹರೀಬೇಕೇನ್?"

ಆಗ ಎಲ್ಲ ಹೇಳಿಕೊಂಡೆ. ಮೇಡಂ ನನ್ನ ಸರ್ಟಿಫಿಕೇಟ್ ನೋಡಲಿಲ್ಲ. "ಹೆಣ್ಣಮಕ್ಕಳು ನಮ್ಮ ಆ್ಯಪ್ ಹಾಕ್ಕೊಂತಾರ, ಟ್ರ್ಯಾಕ್ಟರ್ ಮಾತ್ರ ಬುಕ್ ಮಾಡಂಗಿಲ್ಲ. ಯಾಕಂತ ತಿಳ್ಕೊಂಡ ಬಾ" ಅಂದರು.

ಬಸ್ಸಿನಲ್ಲೇ ಶುರು ಮಾಡಿದೆ. "ಆ್ಯಪ್ ಚೊಲೊ ಐತೇನ್ರಿ?" ಅಂದರೆ ಎಲ್ಲರೂ "ಅಗದಿ ಚೊಲೊ ಐತಿ" ಅನ್ನುವವರೇ. ಕಾಕಾ ನಕ್ಕರು.

"ಹಂಗ ಕೇಳಿದ್ರ ಯಾರು ಕೆಟ್ಟ ಐತಿ ಅಂತಾರವಾ? ಹ್ವಾದ ಸಲ ಟ್ರ್ಯಾಕ್ಟರ್ ಹೆಂಗ ತರಿಸಿದ್ರಿ ಅಂತ ಕೇಳು. ಆಮ್ಯಾಲ ಸುಮ್ಮ ಕುಂದ್ರು."

ಸುಮ್ಮನೆ ಕುಳಿತೆ. ಹತ್ತಿ ಬೆಳೆಯುವ ಹೆಣ್ಣುಮಗಳೊಬ್ಬಳು ಹೇಳಿದಳು: "ಫೋನ್ ನನ್ನ ಕಡೆ ಇರತೈತ್ರಿ, ಓಟಿಪಿ ನಮ್ಮ ಮನಿಯವರ ನಂಬರಿಗೆ ಹೋಗತೈತಿ. ಅವರು ಗೋವಾದಾಗ ದುಡೀತಾರ. ಅವರು ಫೋನ್ ಎತ್ತೂದ್ರಾಗ ಟ್ರ್ಯಾಕ್ಟರ್ ಬ್ಯಾರೆದವರ ಹೊಲದಾಗ ಇರತೈತಿ."

ಮುಂದಿನ ವಾರಗಳಲ್ಲಿ ಇನ್ನೂ ಹಲವರ ಬಾಯಲ್ಲಿ ಅದೇ ಮಾತು ಬಂತು. ಎಲ್ಲವನ್ನೂ ಎರಡು ಪುಟ ಬರೆದು ಮೇಡಂ ಕೈಗಿಟ್ಟೆ. ಅವರ ಕಂಪನಿ ನನ್ನನ್ನು ಆರು ತಿಂಗಳ ತರಬೇತಿಗೆ ತೆಗೆದುಕೊಂಡಿತು. ಆಮೇಲೆ ಕೆಲಸವೂ ಕಾಯಂ ಆಯಿತು.

ಕಾಯಂ ಆದ ಪತ್ರ ಹಿಡಿದು ಕಾಕಾರ ಮನೆಗೆ ಹೋದಾಗ ಅವರು ನಿವೃತ್ತರಾಗಿ ವಾರವಾಗಿತ್ತು. "ಅಂದ್ರ ಏನ್ ಕೆಲಸ?" ಎಂದು ಅವರ ಹೆಂಡತಿ ಗಂಗವ್ವ ಕಾಕು ಕೇಳಿದರು.

"ಮಂದಿಗೆ ಏನ್ ಬೇಕು ಅಂತ ಕೇಳೂದ್ರಿ."

"ಇವರು ನನಗ ಒಮ್ಮೆನೂ ಕೇಳಿಲ್ಲ ನೋಡು" ಎಂದು ಕಾಕು ನಕ್ಕರು.

ಕಾಕಾ ನಗಲಿಲ್ಲ. "ಏನ್ ಬೇಕಾಗಿತ್ತು?" ಎಂದರು.

"ನಿಮ್ಮ ಬಸ್ಸಿನ್ಯಾಗ ಕುಂದರಬೇಕಿತ್ತು. ಕಂಡಕ್ಟರನ ಹೆಂಡ್ತಿ ಪುಕ್ಕಟ ಬಂದಳು ಅಂತ ಮಂದಿ ಅಂತಾರಂತ ಒಂದಿನಾನೂ ಹತ್ತಗೊಡಲಿಲ್ಲ."



ನಾನು ಕಾಕಾರನ್ನು ಕೊನೆಯ ಸಲ ಕಂಡದ್ದು ಮರುವಾರ, ಅದೇ ಬಸ್ಸಿನಲ್ಲಿ. ಇಳಕಲ್ ಸೀರೆ ಉಟ್ಟ ಕಾಕುಗೆ ಬೆರಳು ಚಾಚಿ ಒಂದೊಂದೇ ಊರು ತೋರಿಸುತ್ತಿದ್ದರು. ಹೊಸ ಕಂಡಕ್ಟರ್ ಹರಿದುಕೊಟ್ಟ ಹೆಂಗಸರ ಪುಕ್ಕಟೆ ಟಿಕೆಟನ್ನು ಕಾಕು ಎಲೆಯಡಿಕೆ ಸಂಚಿಯಲ್ಲಿ ಮಡಚಿಟ್ಟುಕೊಂಡರು.

ಮಳೆಗಾಲಕ್ಕೆ ಮೊದಲೇ ಕಾಕಾ ತೀರಿಹೋದರು. ಮಾತಾಡಿಸಿಕೊಂಡು ಬರಲು ಹೋದಾಗ ಕಾಕು ಸಂಚಿ ಬಿಚ್ಚಿ ಆ ಟಿಕೆಟ್ ತೋರಿಸಿದರು. ಮಷಿನ್ನಿನ ಅಕ್ಷರಗಳೆಲ್ಲ ಮಾಸಿ ಬರೀ ಬಿಳಿ ಕಾಗದವಾಗಿತ್ತು.

"ಅಕ್ಷರ ಹೋಗ್ಯಾವ, ಹೋಗ್ಲಿ ಬಿಡು" ಎಂದು ಮತ್ತೆ ಮಡಚಿದರು. "ನನಗರ ಓದಾಕ ಎಲ್ಲಿ ಬರತಿತ್ತು?"