ಅಕ್ಕಿಯಲ್ಲಿ ಬರೆದ ಹೆಸರು

ನನ್ನ ಅತ್ತೆಯ ಹೆಸರೂ ನನ್ನ ಹೆಸರೂ ಒಂದೇ ಆಗಿತ್ತು. ಹೆಣ್ಣು ನೋಡಲು ಬಂದ ದಿನವೇ ಇದು ಗೊತ್ತಾಗಿ ಎರಡೂ ಕಡೆಯವರು ನಕ್ಕಿದ್ದರು. ಆ ನಗುವಿನ ನಡುವೆಯೇ ಅತ್ತೆ, "ಹೆಸರಿಂದೇನೈತ್ರಿ, ಲಗ್ನದಾಗ ಹೆಂಗೂ ಬದ್ಲಿ ಮಾಡೂದ ಐತಲ್ಲ" ಎಂದು ಮಾತು ಮುಗಿಸಿದರು. ಮಗ ತನ್ನ ಹೆಂಡತಿಯನ್ನು ತಾಯಿಯ ಹೆಸರು ಹಿಡಿದು ಕರೆಯುವುದುಂಟೇ? ನಮ್ಮ ಸೊಲ್ಲಾಪುರದ ಕಡೆ ಅದು ಚರ್ಚೆಯ ವಿಷಯವೇ ಅಲ್ಲ. ಮದುವೆಯ ದಿನ ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರವಿಟ್ಟರು. ನನ್ನವರು ಅದರ ಮೇಲೆ ಉಂಗುರದಿಂದ ಒಂದು ಹೊಸ ಹೆಸರು ಬರೆದರು. ತಟ್ಟೆ ಅವರ ಕಡೆಗೆ ತಿರುಗಿದ್ದರಿಂದ ನಾನು ಅದನ್ನು ತಲೆಕೆಳಗಾಗಿ ಓದಿದೆ. ಹೆಸರು ಚೆನ್ನಾಗಿಯೇ ಇತ್ತು. ಆಮೇಲೆ ಆ ಅಕ್ಕಿಯಿಂದ ಪಾಯಸ ಮಾಡಿದರು.

ಆ ಎರಡು ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಯಾವುದನ್ನು ಮೊದಲು ಬರೆಯಬೇಕು ಎಂಬ ತಕರಾರು ನನ್ನೊಳಗೇ ಶುರುವಾಗುತ್ತದೆ. ಹುಟ್ಟಿನಿಂದ ಬಂದದ್ದನ್ನು ಶಾಲೆಯ ಹೆಸರು, ಅಕ್ಕಿಯಲ್ಲಿ ಬರೆದದ್ದನ್ನು ಮನೆಯ ಹೆಸರು ಎನ್ನುತ್ತೇನೆ. ಅಷ್ಟು ಸಾಕು.

ಮದುವೆಯಾದ ವರ್ಷವೇ ಬೆಂಗಳೂರಿಗೆ ಬಂದೆವು. ನನ್ನವರಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಮಾರೇನಹಳ್ಳಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನೋಡಲು ಹೋದಾಗ ಮನೆ ಮಾಲಕಿ ಕೇಳಿದ ಮೊದಲ ಪ್ರಶ್ನೆ, "ನೀವು ಮರಾಠಿಯವ್ರಾ?"

"ಅಲ್ಲ ಆಂಟಿ, ನಾವು ಕನ್ನಡದವರೇ."

"ಮತ್ತೆ ಸೊಲ್ಲಾಪುರ ಅಂದ್ರಿ? ಅದು ಮಹಾರಾಷ್ಟ್ರ ಅಲ್ವಾ?"

"ಹೌದು."

"ಮತ್ತೆ?"

ಸೊಲ್ಲಾಪುರದಲ್ಲಿ ನಮ್ಮನ್ನು 'ಕಾನಡಿ' ಮಂದಿ ಎನ್ನುತ್ತಿದ್ದರು. ಇಲ್ಲಿಗೆ ಬಂದರೆ ಮರಾಠಿಯವರಾದೆವು. ಬಾಯಿ ತೆರೆದರೆ ಕನ್ನಡವೇ ಬರುತ್ತಿತ್ತು, ಆದರೆ ಆ ಕನ್ನಡ ಕೇಳಿ ಬೀದಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು.

ಮದುವೆಗೆ ಮೊದಲೇ ನಾನು ಫಾರ್ಮಸಿ ಡಿಪ್ಲೊಮಾ ಮುಗಿಸಿದ್ದೆ. ಔಷಧಿ ಅಂಗಡಿ ನಡೆಸಲು ನನ್ನಂಥವರ ಪ್ರಮಾಣಪತ್ರ ಬೇಕೇ ಬೇಕು, ಅದನ್ನು ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ತೂಗುಹಾಕಬೇಕು. ಕೆಲಸ ಕೇಳಿಕೊಂಡು ಹೋದ ಮೊದಲ ಅಂಗಡಿಯವನು, "ಮೇಡಂ, ಸರ್ಟಿಫಿಕೇಟ್ ಮಾತ್ರ ಬಾಡಿಗೆಗೆ ಕೊಡಿ, ನೀವು ಬರೋದೇ ಬೇಡ" ಎಂದ. ಮನೆಯಲ್ಲಿ ಕುಳಿತು ತಿಂಗಳು ತಿಂಗಳು ದುಡ್ಡು ಎಣಿಸಬಹುದಿತ್ತು. ನನಗೆ ಮೈ ಉರಿಯಿತು. ಅಷ್ಟು ಓದಿದ್ದು ಗೋಡೆಯ ಮೇಲೆ ನೇತಾಡುವುದಕ್ಕೇ? ಕೊನೆಗೆ ಹತ್ತಿರದ ಹೊಸಹಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರು, "ಪತ್ರದ ಜೊತೆ ನೀನೂ ಬಾಮ್ಮ" ಎಂದು ಕರೆದರು. ಅವರನ್ನು ನಾನು ಸಾರ್ ಎಂದೇ ಕರೆಯುತ್ತ ಬಂದಿದ್ದೇನೆ. ಮೊದಲ ವಾರವೇ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಗುಳಿಗಿ ಅನ್ಬೇಡ ಕಣಮ್ಮ, ಮಾತ್ರೆ ಅನ್ನು. ಗುಳಿಗಿ ಅಂದ್ರೆ ಜನ ನಾಟಿ ಔಷಧಿ ಅನ್ಕೋತಾರೆ" ಎಂದು ಹೇಳಿಕೊಟ್ಟರು. ಮಾತ್ರೆ ಎನ್ನಲು ಕಲಿತೆ. ನಾಲ್ಕು ವರ್ಷದಲ್ಲಿ ಖರೀದಿ ನೋಡಿಕೊಳ್ಳಲು ಕಲಿತೆ. ಹತ್ತು ವರ್ಷದ ಹೊತ್ತಿಗೆ ಸಾರ್ ಮಧ್ಯಾಹ್ನದ ನಿದ್ದೆಗೆ ಮನೆಗೆ ಹೋಗುತ್ತಿದ್ದರು, ಅಂಗಡಿ ನನ್ನದೇ ಎಂಬಂತೆ ನಡೆಯುತ್ತಿತ್ತು. ಗೋಡೆಯ ಮೇಲೆ ನನ್ನ ಪತ್ರವಿತ್ತು: ಎರಡು ಜಡೆಯ ಫೋಟೊ, ಕೆಳಗೆ ಶಾಲೆಯ ಹೆಸರು. ಹೊಸಹಳ್ಳಿಯ ಬಿಪಿ, ಶುಗರ್ ಇರುವ ಮುಕ್ಕಾಲು ಜನಕ್ಕೆ ನಾನು ಆ ಹೆಸರಿನವಳು. ಸಂಜೆ ಮಾರೇನಹಳ್ಳಿಯ ಮೆಟ್ಟಿಲು ಹತ್ತಿದರೆ ಅಕ್ಕಿಯಲ್ಲಿ ಬರೆದ ಹೆಸರಿನವಳು. ಎರಡೂ ಹೆಸರಿಗೆ ಓಗೊಡುವುದು ನನಗೆ ಎಂದೂ ಕಷ್ಟವೆನಿಸಿರಲಿಲ್ಲ. ಸಂಬಳದ ಖಾತೆಯನ್ನೂ ಪ್ಯಾನ್ ಕಾರ್ಡನ್ನೂ ಸಾರ್ ಅವರೇ ಶಾಲೆಯ ಹೆಸರಿನಲ್ಲಿ ಮಾಡಿಸಿಕೊಟ್ಟರು.

ತಪ್ಪಾದದ್ದು ಆಧಾರ್ ಕಾರ್ಡು ಮಾಡಿಸಿದ ದಿನ. ಆಗ ಅತ್ತೆ ಊರಿನಿಂದ ಬಂದು ನಮ್ಮ ಜೊತೆ ಇದ್ದರು. ಪಕ್ಕದ ಬೀದಿಯ ಶಾಲೆಯೊಂದರಲ್ಲಿ ಆಧಾರ್‌ಗೆ ಹೆಸರು ಬರೆಸುತ್ತಿದ್ದರು. ಸಾಲಿನಲ್ಲಿ ಅತ್ತೆ ಮುಂದೆ, ನಾನು ಹಿಂದೆ. ಕಂಪ್ಯೂಟರಿನ ಹುಡುಗಿ ಅತ್ತೆಯ ಹೆಸರು ಕೇಳಿದಳು, ಅವರು ಗಟ್ಟಿಯಾಗಿ ಹೇಳಿದರು. ಬೆರಳಚ್ಚು ಕೊಟ್ಟು ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತರು.

"ನಿಮ್ಮ ಹೆಸರು ಮೇಡಂ?"

ಈಗ ತಾನೇ ಅತ್ತೆ ಹೇಳಿದ ಹೆಸರನ್ನು, ಅತ್ತೆಯ ಎದುರಿಗೇ, ನಾನು ಹೇಗೆ ಹೇಳಲಿ? ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಅದು ನನ್ನದೂ ಹೆಸರು ಎನ್ನುವುದು ಆ ಕ್ಷಣಕ್ಕೆ ನೆನಪಿಗೂ ಬರಲಿಲ್ಲ, ಬಂದಿದ್ದರೂ ನಾಲಿಗೆ ಏಳುತ್ತಿರಲಿಲ್ಲ. ಮನೆಯ ಹೆಸರು ಹೇಳಿದೆ. ರೇಷನ್ ಕಾರ್ಡಿನಲ್ಲೂ ಅದೇ ಇದ್ದುದರಿಂದ ಹುಡುಗಿ ಬೇರೆ ಏನೂ ಕೇಳದೆ ಬರೆದುಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು ನಡೆದರು. ಅವರಿಗೆ ಖುಷಿಯಾಗಿತ್ತು ಎಂದು ಕಾಣುತ್ತದೆ. ನನಗೂ ಆಗಿತ್ತು, ಸುಳ್ಳೇಕೆ ಹೇಳಲಿ.

ಅತ್ತೆ ತೀರಿಕೊಂಡ ಎರಡು ವರ್ಷಕ್ಕೆ ನಮಗೆ ಕೆಂಗೇರಿಯ ಕಡೆ ಮನೆ ಸಿಕ್ಕಿತು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಹಳೆಯ ಮನೆ. ಮುಂದೆ ಒಂದು ಸಂಪಿಗೆ ಗಿಡ, ಅಡುಗೆಮನೆಗೆ ಪೂರ್ವದ ಕಿಟಕಿ. ಮೆಟ್ರೊ ಹತ್ತಿದರೆ ಹೊಸಹಳ್ಳಿಗೆ ನೇರ. ಮಾರುವವರು ನಿವೃತ್ತ ಅಧಿಕಾರಿ, ಸಜ್ಜನರು. ಮುಂಗಡ ಕೊಟ್ಟದ್ದು ನನ್ನ ಉಳಿತಾಯದಿಂದ. ಅಂಗಡಿಯಲ್ಲಿ ನಿಂತು ನಿಂತು ಕಾಲಿನ ನರ ಉಬ್ಬಿಸಿಕೊಂಡದ್ದರ ಉಳಿತಾಯ. ಉಳಿದದ್ದು ಬ್ಯಾಂಕಿನ ಸಾಲ. ಇಬ್ಬರ ಹೆಸರಿನಲ್ಲೂ ಕ್ರಯಪತ್ರವಾಗಬೇಕು ಎಂದು ನಾನು ಮೊದಲೇ ಹೇಳಿದ್ದೆ, ನನ್ನವರು ತಕರಾರಿಲ್ಲದೆ ಒಪ್ಪಿದ್ದರು. ನನ್ನ ಅಮ್ಮ, ಅಜ್ಜಿ ಯಾರ ಹೆಸರೂ ಯಾವ ಗೋಡೆಗೂ ಸೇರಿದ್ದಲ್ಲ. ನನ್ನದು ಸೇರಬೇಕು ಎಂಬ ಆಸೆ ನನಗೆ ಬಹಳ ಇತ್ತು. ಆಸೆ ಎಂದರೆ ಸಾಲದು, ಹಟವಿತ್ತು.

ಕ್ರಯಪತ್ರ ಬರೆಯುವವರು ವಿಜಯನಗರದ ಒಂದು ಕಿರಿದಾದ ಕೋಣೆಯಲ್ಲಿ ಕೂರುತ್ತಿದ್ದರು. ನನ್ನ ಕಾಗದಗಳನ್ನು ಮೇಜಿನ ಮೇಲೆ ಜೋಡಿಸಿ, ಕನ್ನಡಕ ಮೇಲೇರಿಸಿ, ಒಮ್ಮೆ ಕಾಗದ ಒಮ್ಮೆ ನನ್ನನ್ನು ನೋಡಿದರು.

"ಏನ್ ಮೇಡಂ ಇದು? ಆಧಾರ್‌ನಲ್ಲಿ ಒಬ್ರು, ಪ್ಯಾನ್‌ನಲ್ಲಿ ಒಬ್ರು. ದುಡ್ಡು ಒಬ್ರದ್ದು, ಮುಖ ಇನ್ನೊಬ್ರದ್ದಾ?"

"ಎರಡೂ ನಾನೇ ಸಾರ್."

"ನನಗೆ ಗೊತ್ತಾಗತ್ತೆ ಮೇಡಂ. ಕಂಪ್ಯೂಟರ್‌ಗೆ ಗೊತ್ತಾಗ್ಬೇಕಲ್ಲ?"

ಉಪಾಯವನ್ನೂ ಅವರೇ ಹೇಳಿದರು. "ಈ ಹೆಸರು ಉರುಫ್ ಆ ಹೆಸರು ಅಂತ ಹಾಕಿ ಒಂದು ಅಫಿಡವಿಟ್ ಮಾಡ್ಸೋಣ." ಉರುಫ್ ಎಂಬ ಪದವನ್ನು ನಾನು ಅಲ್ಲಿಯವರೆಗೆ ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ ಮಾತ್ರ ಓದಿದ್ದೆ. ಸರಗಳ್ಳರಿಗೆ, ರೌಡಿಗಳಿಗೆ ಇರುತ್ತದೆ. ಇರಲಿ, ಮನೆ ಸಿಗುವುದಾದರೆ ನಾನೂ ಉರುಫ್ ಆಗುತ್ತೇನೆ ಎಂದು ಒಪ್ಪಿದೆ. ಆದರೆ ಬ್ಯಾಂಕಿನ ವಕೀಲರು ಉರುಫ್ ಒಪ್ಪಲಿಲ್ಲ. ಮೊದಲು ಆಧಾರ್ ಸರಿಪಡಿಸಿಕೊಂಡು ಬನ್ನಿ ಎಂದರು. ಆಧಾರ್ ಕೇಂದ್ರದವರು, ಇಡೀ ಹೆಸರೇ ಬದಲಾಗುವುದಾದರೆ ಗೆಜೆಟ್ ಪ್ರಕಟಣೆ ಬೇಕು ಎಂದರು. ಅದಕ್ಕೆ ಓಡಾಡಿದರೆ, ಹುಟ್ಟಿದ್ದೂ ಮದುವೆಯಾದದ್ದೂ ಮಹಾರಾಷ್ಟ್ರ, ದಾಖಲೆ ಅಲ್ಲಿಂದ ತನ್ನಿ ಎಂಬ ಉತ್ತರ.

ರಜೆ ಹಾಕಿ ಸೊಲ್ಲಾಪುರಕ್ಕೆ ಹೋದೆ. ನಮ್ಮ ಮದುವೆ ಎಲ್ಲೂ ದಾಖಲಾಗಿರಲಿಲ್ಲ. ಆ ಕಾಲಕ್ಕೆ ಯಾರು ದಾಖಲು ಮಾಡಿಸುತ್ತಿದ್ದರು? ಇದ್ದದ್ದು ಲಗ್ನಪತ್ರಿಕೆ ಒಂದೇ, ಅದರಲ್ಲಿ ಶಾಲೆಯ ಹೆಸರು ಮಾತ್ರ. ಮನೆಯ ಹೆಸರು ಹುಟ್ಟಿದ್ದು ತಟ್ಟೆಯಲ್ಲಿ, ಅದಕ್ಕೆ ಪುರಾವೆಯಾಗಿದ್ದ ಅಕ್ಕಿಯನ್ನು ಎಲ್ಲರೂ ಸೇರಿ ಉಂಡಿದ್ದೆವು. ಅಲ್ಲಿಯ ಗುಮಾಸ್ತ ನನ್ನ ವಿಳಾಸ ನೋಡಿ, "ಬಾಯಿ, ತುಮ್ಹಿ ಆತಾ ಕರ್ನಾಟಕಾಚ್ಯಾ" ಎಂದ. ನೀವು ಈಗ ಕರ್ನಾಟಕದವರು, ಅಲ್ಲಿಯೇ ಮಾಡಿಸಿಕೊಳ್ಳಿ ಎಂದು ಅದರ ಅರ್ಥ. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಯಾರ ಬಾಯಿಂದ ಈ ಮಾತು ಕೇಳಲು ಕಾದಿದ್ದೆನೋ, ಅದನ್ನು ಸೊಲ್ಲಾಪುರದವನೊಬ್ಬ ಹೇಳಿ ನನ್ನನ್ನು ಹೊರಗೆ ಕಳಿಸಿದ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ನಾಲ್ಕು ಜನ ನೋಡುತ್ತಿದ್ದರು. ಏನೂ ಅನಿಸಲಿಲ್ಲ.

ಮನೆ ಮಾರುವವರು ಎರಡು ಸಲ ಗಡುವು ಮುಂದೆ ಹಾಕಿದ್ದರು. ಮೂರನೆಯ ಸಲ ಫೋನಿನಲ್ಲಿ, "ಬೇಜಾರ್ ಮಾಡ್ಕೋಬೇಡಿಮ್ಮ, ನನಗೂ ಬೇರೆ ಕಡೆ ಮಾತು ಕೊಟ್ಟಿದೀನಿ. ಈ ತಿಂಗಳು ಆಗ್ಲಿಲ್ಲ ಅಂದ್ರೆ ಇನ್ನೊಬ್ರಿಗೆ ಕೊಡ್ತೀನಿ" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ ನನ್ನವರು ಮೆಲ್ಲಗೆ ಹೇಳಿದರು:

"ಸದ್ಯಕ್ಕ ನನ್ನ ಒಬ್ಬಾವನ ಹೆಸರ್ಲೆ ಮಾಡ್ಸೂಣು. ನಿನ್ನ ಕಾಗದ ಸರಿ ಆದ ಮ್ಯಾಲ ಸೇರಿಸಿದ್ರಾತು. ನಾ ಎಲ್ಲಿ ಓಡಿ ಹೋಗ್ತೀನಿ?"

ಅವರು ಎಲ್ಲಿಗೂ ಓಡಿ ಹೋಗುವವರಲ್ಲ. ಅದೇ ಕಷ್ಟ. ಕೆಟ್ಟ ಗಂಡನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹುಟ್ಟಿದಾಗಿನಿಂದ ಒಂದೇ ಹೆಸರು ಇರುವವರಿಗೆ ಇದನ್ನು ಹೇಗೆ ವಿವರಿಸುವುದು? ಹೂಂ ಎಂದೆ. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಳಗಿನಿಂದ ಕಾದೆವು. ಸಾಕ್ಷಿಗೆ ಬರಬೇಕಿದ್ದ ಇಬ್ಬರಲ್ಲಿ ಒಬ್ಬರು ಬರಲಿಲ್ಲ. ಪತ್ರ ಬರೆದವರು ಸುತ್ತ ನೋಡಿ, "ಮೇಡಂ, ನೀವೇ ಸಾಕ್ಷಿ ಹಾಕ್ಬಿಡಿ. ಅದಕ್ಕೆ ನಿಮ್ಮ ಆಧಾರ್ ಒಂದಿದ್ರೆ ಸಾಕು" ಎಂದರು. ನನ್ನ ದುಡ್ಡಿನ ಮನೆ ನನ್ನ ಗಂಡನಿಗೆ ಹೋದದ್ದನ್ನು ಕಣ್ಣಾರೆ ಕಂಡವಳು ಎಂದು ನಾನು ಸಹಿ ಹಾಕಿದೆ. ಮನೆಯ ಹೆಸರಿನಲ್ಲಿ. ಆ ಹೆಸರಿನ ಸಹಿ ನನಗೆ ರೂಢಿಯಿಲ್ಲದೆ ಕೊನೆಯ ಅಕ್ಷರ ಸೊಟ್ಟಗಾಯಿತು. ಆಮೇಲೆ ಬ್ಯಾಂಕಿನವರನ್ನು ನನ್ನ ಹೆಸರು ಯಾವಾಗ ಸೇರಿಸಬಹುದು ಎಂದು ಕೇಳಿದೆ. "ಸಾಲ ತೀರೋವರೆಗೂ ಆಗಲ್ಲ ಮೇಡಂ" ಎಂದರು. ಸಾಲ ತೀರುವ ಹೊತ್ತಿಗೆ ನನಗೆ ಅತ್ತೆಯ ವಯಸ್ಸಾಗಿರುತ್ತದೆ.

ಗೃಹಪ್ರವೇಶಕ್ಕೆ ಎರಡು ದಿನ ಮೊದಲು ನನ್ನವರು ಪತ್ರಿಕೆಯಲ್ಲಿ ಸುತ್ತಿದ ಭಾರದ ಒಂದು ಕಟ್ಟು ತಂದರು. ಖಾಲಿ ನಡುಮನೆಯ ನೆಲದ ಮೇಲಿಟ್ಟು ಬಿಚ್ಚಿದರು. ಕರಿ ಗ್ರಾನೈಟ್ ಕಲ್ಲು, ಬಂಗಾರದ ಬಣ್ಣದ ಅಕ್ಷರ, ಗೇಟಿನ ಪಕ್ಕ ಕೂರಿಸಲು. ಕಲ್ಲು ಅವರ ಕಡೆಗೆ ತಿರುಗಿತ್ತು. ನಾನು ಎದುರಿಗೆ ನಿಂತು ತಲೆಕೆಳಗಾಗಿಯೇ ಓದಿದೆ. ಅತ್ತೆಯ ಹೆಸರು, ಮುಂದೆ 'ನಿಲಯ' ಎಂದಿತ್ತು.

"ಅವ್ವ ಇರಬೇಕಿತ್ತು" ಎಂದರು. ಅವರ ಕಣ್ಣು ತುಂಬಿತ್ತು. ಶಾಲೆಯಲ್ಲಿ ಹಾಜರಿ ಕೂಗುವಾಗ ನಾನು ಎದ್ದು ನಿಲ್ಲುತ್ತಿದ್ದ ಹೆಸರು ಅದೇ ಎನ್ನುವುದು, ನನ್ನ ಕಾಗದಗಳಲ್ಲಿ ಅಷ್ಟು ಸಲ ನೋಡಿದ್ದರೂ, ಅವರಿಗೆ ಹೊಳೆದೇ ಇರಲಿಲ್ಲ. ಹೊಳೆಯಬೇಕೇಕೆ, ಅವರು ನನ್ನನ್ನು ಒಂದು ದಿನವೂ ಹಾಗೆ ಕರೆದವರಲ್ಲ. ಹೇಳಬೇಕೆಂದು ಬಾಯಿ ತೆರೆದೆ. ತಾಯಿಯನ್ನು ನೆನೆದು ಅಳುತ್ತಿರುವ ಗಂಡಸಿಗೆ, ಅದು ನನ್ನ ಹೆಸರೂ ಹೌದು ಎಂದು ಹೇಗೆ ಹೇಳುವುದು? "ಅಕ್ಷರ ಚೆನ್ನಾಗಿ ಕೆತ್ತ್ಯಾರ" ಎಂದೆ.

ಗೃಹಪ್ರವೇಶಕ್ಕೆ ಹೊಸಹಳ್ಳಿಯಿಂದ ಸಾರ್ ಬಂದರು. ವಯಸ್ಸಾಗಿದೆ, ಕೋಲು ಹಿಡಿದು ಆಟೊ ಇಳಿದರು. ನಾನೂ ನನ್ನವರೂ ಗೇಟಿನ ಬಳಿ ನಿಂತಿದ್ದೆವು. ಸಾರ್ ಕಲ್ಲಿನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು ಓದಿದರು. ಅವರ ಮುಖ ಅರಳಿತು.

"ಭೇಷ್ ಕಣಮ್ಮ! ಬರಿಗೈಲಿ ಬಂದೋಳು, ನೋಡು, ನಿನ್ನ ಹೆಸರಲ್ಲೇ ಮನೆ ಮಾಡ್ಕೊಂಡ್ಬಿಟ್ಟೆ."

ನನ್ನವರು ನಕ್ಕು, ಕೈಮುಗಿದು, ತುಂಬ ವಿನಯದಿಂದ ಹೇಳಿದರು: "ಅಲ್ರೀ ಸರ್, ಅದು ನಮ್ಮ ಅವ್ವನ ಹೆಸರು. ಈಕಿದು ಬ್ಯಾರೆ ಐತಿ."

ಸಾರ್ ನನ್ನವರನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಂಗಡಿಯ ಗೋಡೆಯ ಮೇಲಿನ ಆ ಪತ್ರವನ್ನು ಅವರು ಇಪ್ಪತ್ತು ವರ್ಷ ದಿನಾ ಒರೆಸಿದವರು. ನಾನು ಏನಾದರೂ ಹೇಳುತ್ತೇನೆಂದು ಕಾದರು.

"ಒಳಗೆ ಬನ್ನಿ ಸಾರ್" ಎಂದೆ. "ಹೋಳಿಗೆ ಬಿಸಿ ಇದೆ."