ಗರುಡ ಲೆಕ್ಕಕ್ಕಿಲ್ಲ

ಗಂಗೊಳ್ಳಿಯಲ್ಲಿ ನಾನು ಚಿಕ್ಕವಳಿದ್ದಾಗ ಮನೆಯವರಿಗೆಲ್ಲ ದುರ್ಬೀನು ನಾನೇ. ಅಳಿವೆಯಾಚೆ ದೋಣಿ ಚುಕ್ಕಿಯಷ್ಟು ಕಂಡರೆ ಸಾಕು, ಬಾವುಟದ ಬಣ್ಣ ನೋಡಿ ಅಪ್ಪನದು ಹೌದೋ ಅಲ್ಲವೋ ಹೇಳಿಬಿಡುತ್ತಿದ್ದೆ. "ಹ್ವಾಯ್, ಬಂತ್ ಕಾಣಿ!" ಎಂದು ನಾನು ಕೂಗಿದ ಮೇಲೆಯೇ ಅಮ್ಮ ಮೀನಿನ ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದದ್ದು. ಆ ಕಣ್ಣಿನ ಜಂಬ ಮದುವೆಯಾಗಿ ಮಕ್ಕಳಾದರೂ ಹೋಗಿರಲಿಲ್ಲ. ಕೊನೆಗೆ ಅದನ್ನು ಇಳಿಸಿದ್ದು ಪೊರೆ.

ಈಗ ನಮ್ಮ ಮನೆ ಕಿರಿಮಂಜೇಶ್ವರದಲ್ಲಿ. ದೀಪಾವಳಿ ಕಳೆದ ಮೇಲೆ ಹತ್ತಿರದ ಗುಡ್ಡದಲ್ಲಿ ನಾಲ್ಕಾರು ಜನ ಸೇರಿ, ಘಟ್ಟದ ಕಡೆಯಿಂದ ಬಂದು ಕಡಲು ದಾಟಿ ಹೋಗುವ ಬೇಟೆ ಹಕ್ಕಿಗಳನ್ನು ಎಣಿಸುತ್ತಾರೆ, ನಾನೂ ಹೋಗುತ್ತೇನೆ. ಗುಂಪಿನ ಮುಂದಾಳು ಬ್ರಹ್ಮಾವರದ ಕಾಲೇಜು ಟೀಚರ್, ನನ್ನ ಮಗಳ ವಯಸ್ಸಿನ ಹುಡುಗಿ. ಕಳೆದ ವರ್ಷ ಪೊರೆ ಬಂದ ಕಣ್ಣಲ್ಲಿ ನಾನು ಕಾಗೆಯನ್ನು ಗಿಡುಗ ಅಂದುಬಿಟ್ಟೆ. ಅವಳು ಬೈಯಲಿಲ್ಲ, ಮೆತ್ತಗೆ ಚಹಾದ ಫ್ಲಾಸ್ಕು ಕೈಗೆ ಕೊಟ್ಟು ಮೂಲೆಯಲ್ಲಿ ಕೂರಿಸಿದಳು. ಬೈದಿದ್ದರೇ ವಾಸಿ ಇತ್ತು!

ಮಳೆಗಾಲದಲ್ಲಿ ಕುಂದಾಪುರದಲ್ಲಿ ಆಪರೇಶನ್ ಆಯಿತು. ಓದಲು ಕನ್ನಡಕ ಬೇಕು, ದೂರದ್ದು ಚೆನ್ನಾಗಿ ಕಾಣುತ್ತದೆ ಎಂದರು ಡಾಕ್ಟರು. ಚೆನ್ನಾಗಿ ಅಂದರೆ ಎಷ್ಟು? ಬಸ್ಸಿನ ಬೋರ್ಡು ಓದುವಷ್ಟೋ, ಬಾವುಟದ ಬಣ್ಣ ಹೇಳುವಷ್ಟೋ? ನನ್ನ ಹಳೆಯ ಕಣ್ಣು ನನಗೆ ವಾಪಸು ಬಂತೋ ಇಲ್ಲವೋ, ಅದು ಗೊತ್ತಾಗಬೇಕಿತ್ತು. ಈ ಸಲ ಗುಡ್ಡ ಹತ್ತಿದವಳೇ, "ಫ್ಲಾಸ್ಕ್ ಇವ್ರ್ ಹಿಡ್ಕಂತ್ರ್, ನಂಗ್ ಎಣ್ಸುಕೆ ಕೊಡಿ" ಎಂದೆ. ಇವರು ಅಂದರೆ ನನ್ನ ಗಂಡ. ಮುಂಬೈಯ ಹೋಟೆಲ್ ಬಿಟ್ಟು ಬಂದರೂ ಚಹಾ ಮಾಡುವ ಚಟ ಬಿಡದವರು.

ಎಣಿಕೆಯ ಕ್ರಮ ಸುಲಭ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಎಣಿಸಬೇಕು. ಜಪ ಎಣಿಸಲು ಬೆರಳಿಗೆ ಹಾಕಿಕೊಳ್ಳುವ ಯಂತ್ರ ಇದೆಯಲ್ಲ, ಅದರ ಗುಂಡಿಯನ್ನು ಹಕ್ಕಿಗೊಂದು ಸಲ ಒತ್ತಬೇಕು. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಕಡಿಮೆ ಇದ್ದದ್ದನ್ನೇ ಬರೆಯುತ್ತಾರೆ. ಮೀನಿನ ಆಸೆಗೆ ಇಲ್ಲೇ ಸುತ್ತುವ ಗರುಡಗಳು ಊರಿನವು, ಅವು ಲೆಕ್ಕಕ್ಕಿಲ್ಲ. ನಾನು ಹೆಬ್ಬೆರಳಿಗೆ ಸಲೀಸಾಗಲೆಂದು ಗುಂಡಿಯನ್ನು ಅಂಗೈ ಕಡೆಗೆ ತಿರುಗಿಸಿಕೊಂಡು, ಕಡಲಿಗೆ ಬೆನ್ನು ಹಾಕಿ ನಿಂತೆ.

ಬಿಸಿಲೇರುವ ಹೊತ್ತಿಗೆ ಹಕ್ಕಿಗಳು ಒಂದೊಂದೇ ದಾಟಿದವು. ಎಂತಾ ಖುಷಿ! ರೆಕ್ಕೆಯ ತುದಿ ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆದರೆ ಲೆಕ್ಕ ನೋಡುವಾಗ ನನ್ನದು ಟೀಚರ್‌ಗಿಂತ ಎಷ್ಟೋ ಹೆಚ್ಚು.

"ಪರವಾಗಿಲ್ಲ ಆಂಟಿ, ಹೊಸ ಕಣ್ಣಲ್ವಾ? ಒಂದು ಎರಡಾಗಿ ಕಂಡಿರ್ಬಹುದು" ಎಂದಳು ಅವಳು.

ನನಗೆ ಮೈಯೆಲ್ಲ ಉರಿದುಹೋಯಿತು. ಉರಿಗಿಂತ ಹೆದರಿಕೆಯೇ ಜಾಸ್ತಿ. ದೂರದ ತೆಂಗಿನಮರ ಒಂದೋ ಎರಡೋ ಎಂದು ಮತ್ತೆ ಮತ್ತೆ ನೋಡಿದೆ. ಒಂದೇ ಇತ್ತು. ಆದರೂ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಇವರು ಲೋಟ ಕೆಳಗಿಟ್ಟು, "ಮರಾಯ್ತಿ, ಒಂದ್ಸಲ ಕೈ ಮುಗಿ ಕಾಂಬ" ಎಂದರು.

"ನಿಮ್ಗೆಂತ ತಮಾಷಿಯಾ?"

"ಮುಗಿ ಅಂದೆ."

ಸಿಟ್ಟಿನಲ್ಲೇ ಮುಗಿದೆ. ಅಂಗೈಗಳ ನಡುವೆ ಯಂತ್ರ ಟಿಕ್ ಎಂದಿತು.

"ಬೆಳಿಗ್ಗೆಯಿಂದ ಗರುಡ ಕಂಡಾಗಳಿಕೆಲ್ಲ ಮುಗಿತಾ ಇದ್ದೆ ನೀನ್. ನಿನ್ ಕಣ್ಣಿಗೆಂತದೂ ಆಯ್ಲಿಲ್ಲ, ಕೈಯದ್ದೇ ಕಿತಾಪತಿ!"

"ಗರುಡ ಕಂಡ್ರೆ ಕೈ ಮುಗಿಯದೆ ಇಪ್ಪುಕಾತ್ತಾ?" ಎಂದು ನಾನು ರೇಗಿದೆ. ನಮ್ಮಮ್ಮ ಸೊಂಟದ ಮೇಲಿನ ಕೂಸಿನ ಕೈಯನ್ನೂ ಹಿಡಿದು ಮುಗಿಸುತ್ತಿದ್ದವಳು. ಟೀಚರ್ ನಕ್ಕು ನಕ್ಕು ಬಂಡೆಯ ಮೇಲೆ ಕೂತುಬಿಟ್ಟಳು. ನನಗೂ ನಗು ತಡೆಯಲಾಗಲಿಲ್ಲ. ಆದರೆ ತಪ್ಪು ಕೈಯದ್ದೆಂದು ಗೊತ್ತಾದರೆ ಕಣ್ಣು ಪಾಸಾದ ಹಾಗಾಯಿತೇ? ಯಂತ್ರ ಬಿಚ್ಚಿ ಇವರ ಬೆರಳಿಗೆ ಹಾಕಿ, "ನಾ ಹೇಳ್ತೆ, ನೀವ್ ಒತ್ತಿ" ಎಂದೆ.

ಎಲ್ಲರೂ ಇಡ್ಲಿ ಪೊಟ್ಟಣ ಬಿಚ್ಚುವ ಹೊತ್ತಿಗೆ ಘಟ್ಟದ ಮೇಲೆ ಕಪ್ಪು ಹುಡಿ ಚೆಲ್ಲಿದ ಹಾಗೆ ಏನೋ ಕಂಡಿತು.

"ಹ್ವಾಯ್, ಬಂತ್ ಕಾಣಿ!"

ಟೀಚರ್ ದುರ್ಬೀನು ಹಿಡಿದು ಹುಡುಕಿದಳು. "ಎಲ್ಲಿ ಆಂಟಿ? ಏನೂ ಇಲ್ಲ."

ಆಪರೇಶನ್ ಆದ ಹೊಸತರಲ್ಲಿ ಕಣ್ಣಮುಂದೆ ಕಪ್ಪು ಚುಕ್ಕಿಗಳು ತೇಲುತ್ತಿದ್ದವು. ಅವೇ ಏನೋ? ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದೆ. ಚುಕ್ಕಿಗಳು ಇನ್ನೂ ಅಲ್ಲೇ ಇದ್ದವು, ಸ್ವಲ್ಪ ದೊಡ್ಡವಾಗಿದ್ದವು.

"ಆ ಬೋಳು ಗುಡ್ಡದ ಎಡಕ್ಕೆ ಕಾಣ್ ಮಗಾ!"

"ಅಯ್ಯೋ ದೇವ್ರೇ, ಅಮುರ್ ಫಾಲ್ಕನ್!" ಅವಳ ಕೈಯ ಇಡ್ಲಿ ಬಿತ್ತು.

ಬಂದವು ನೋಡಿ, ಪುಟ್ಟ ಪುಟ್ಟ ಗಿಡುಗಗಳು, ಆಕಾಶ ತುಂಬ. ನಾನು ಟೀಚರ್‌ಗೆ ಕೇಳದ ಹಾಗೆ ಇವರ ಕಿವಿಯಲ್ಲಿ ಎಣಿಸುತ್ತ ಹೋದೆ, ಇವರು ಒತ್ತುತ್ತ ಹೋದರು. ನಡುವೆ ಒಂದು ಗರುಡ ಬಂತು. ಕೈ ತಾನಾಗಿ ಮುಗಿಯಿತು, ಬಾಯಿ ಮಾತ್ರ ಎಣಿಕೆ ಬಿಡಲಿಲ್ಲ. ಹಕ್ಕಿಗಳು ನಮ್ಮ ನೆತ್ತಿ ದಾಟಿ ಕಡಲಿನ ಮೇಲೆ ಹೋಗಿ ಕರಗಿದವು. ಟೀಚರ್ ತನ್ನ ಯಂತ್ರ ನೋಡಿದಳು, ಇವರ ಬೆರಳು ನೋಡಿದಳು, ಬಂದು ನನ್ನನ್ನು ತಬ್ಬಿಕೊಂಡಳು. ಎರಡೂ ಲೆಕ್ಕ ತಾಳೆಯಾಗಿದ್ದವು.

ನಾನು ಅವಳ ಹೆಗಲ ಮೇಲಿಂದ ಕಡಲು ನೋಡುತ್ತಿದ್ದೆ. ದೂರದಲ್ಲಿ ಒಂದು ದೋಣಿ ಗಂಗೊಳ್ಳಿ ಕಡೆಗೆ ಹೊರಟಿತ್ತು. "ಹಸ್ರ್ ಬಾವ್ಟ" ಎಂದೆ.

ಇವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, "ದೋಣಿ ಎಲ್ಲಿತ್ತ್?" ಎಂದು ಕೇಳಿದರು.