ಗಾಜು ಇಳಿಸಿ, ಇಲ್ಲವೇ ಮಾತು ನಿಲ್ಲಿಸಿ

ಡ್ರೈವಿಂಗ್ ಟೆಸ್ಟಿನ ನಡುವೆ ಇನ್ಸ್‌ಪೆಕ್ಟರಿಗೇ ಮಾತು ನಿಲ್ಲಿಸಿ ಎಂದ ಹೆಂಗಸನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಸಾಗರಕ್ಕೆ ಬನ್ನಿ. ಅವಳು ನಾನೇ.

ಅಪ್ಪ ಬಿಟ್ಟುಹೋದ ಹಳೇ ಕಾರೊಂದು ನಮ್ಮ ಮನೆಯಲ್ಲಿದೆ. ಒಂದೇ ವೈಪರ್. ಗೇರು ಹಾಕಲು ಗಂಡಸಿನ ತೋಳೇ ಬೇಕಂತೆ (ಹಾಗನ್ನುವವರೆಲ್ಲ ಗಂಡಸರೇ). ಅದನ್ನು ಓಡಿಸುವ ಆಸೆಗೆ ಎರಡು ಸಲ ಟೆಸ್ಟಿಗೆ ಹೋಗಿ, ಎರಡು ಸಲವೂ ಫೇಲಾಗಿದ್ದೆ. ಮಳೆಯಲ್ಲಿ ಎದುರಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿ, ದಾರಿಯೇ ಕಾಣದೆ ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದೆ.

ಮೂರನೇ ಸಲವೂ ಹೀಗಾದರೆ ಕಾರನ್ನು ತೀರ್ಥಹಳ್ಳಿಯವರೊಬ್ಬರಿಗೆ ಮಾರುವುದೇ ಸೈ ಎಂದ ಅಣ್ಣ. ಅಪ್ಪನ ಕಾರು! ಬಿಡುವ ಮಾತೇ ಇಲ್ಲ ಎಂದುಕೊಂಡೆ.

ಹೊಸನಗರದಲ್ಲಿ ಟ್ಯಾಕ್ಸಿ ಓಡಿಸುವ ಹಿರಿಯರೊಬ್ಬರನ್ನು ಕೇಳಿದೆ. ಅಂಟುವಾಳದ ನೊರೆಯನ್ನು ಗಾಜಿನ ಒಳಬದಿಗೆ ತೆಳ್ಳಗೆ ಸವರಿ, ಒಣ ಕಾಗದದಲ್ಲಿ ತಿಕ್ಕಿ, ಕಿಟಕಿಯನ್ನು ಸ್ವಲ್ಪ ತೆರೆದಿಡಿ ಎಂದರು. ಒದ್ದೆ ಕೊಡೆ ಒಳಗೆ ಬೇಡವೇ ಬೇಡ ಎಂದರು. ಹೋದ ಸೋಮವಾರ, ಮೂರನೇ ಟೆಸ್ಟಿನ ಬೆಳಿಗ್ಗೆ, ಹಾಗೇ ಮಾಡಿದೆ. ತಿಕ್ಕಿದ್ದು ನನ್ನ ಈ ಅಂಕಣ ಅಚ್ಚಾಗಿದ್ದ ಹಳೇ ಪತ್ರಿಕೆಯ ಪುಟದಿಂದಲೇ (ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು). ಗಾಜು ಫಳಫಳ.

ಇನ್ಸ್‌ಪೆಕ್ಟರು ಬಂದರು. ತೊಯ್ದ ರೈನ್‌ಕೋಟು, ನೀರು ಸೋರುವ ಕೊಡೆ ಸಮೇತ ಪಕ್ಕದಲ್ಲಿ ಕೂತು ತಮ್ಮ ಬದಿಯ ಕಿಟಕಿ ಏರಿಸಿಕೊಂಡರು. ಥಂಡಿ, ನಿಮ್ಮದನ್ನೂ ಏರಿಸಿ ಎಂದರು. ಏರಿಸಿದೆ. ಪಾಸು ಮಾಡಬೇಕಾದವರು ಅವರಲ್ಲವೇ?

ಇಕ್ಕೇರಿ ರಸ್ತೆ ಹಿಡಿದದ್ದೇ ತಡ, ಹೆಂಗಸರಿಗೆ ಸ್ಟಿಯರಿಂಗ್ ಯಾಕೆ ಎಂಬ ಭಾಷಣ ಶುರು. ಅಬ್ಬಬ್ಬಾ, ಅದೆಷ್ಟು ಉಸಿರು! ಅಂಟುವಾಳವಾದರೂ ಎಷ್ಟು ತಡೆದೀತು? ಗಾಜು ಮಸುಕಾಯಿತು. ಆಗಷ್ಟೇ ಎಣ್ಣೆ ತಲೆ ನೇವರಿಸಿಕೊಂಡ ಕೈಯಲ್ಲಿ ಅವರೇ ಅದನ್ನು ಒರೆಸಿದರು. ಕಾಣುತ್ತಿದ್ದದ್ದೂ ಹೋಯಿತು. ನೋಡಿ, ನಿಮಗೆ ದಾರಿಯೇ ಕಾಣುವುದಿಲ್ಲ ಎಂದು ನನಗೇ ಹೇಳಿದರು.

ಕಾರು ಕೈತಪ್ಪಿತು ಎಂದುಕೊಂಡೆ. ಹಿಂದೆಯೇ ಸಿಟ್ಟು ಬಂತು. ರಸ್ತೆ ಬದಿಗೆ ನಿಲ್ಲಿಸಿದೆ. ಒಣ ಬಟ್ಟೆಯಲ್ಲಿ ಗಾಜು ತಿಕ್ಕಿ ಒರೆಸಿದೆ. ಕೊಡೆಯನ್ನು ಎತ್ತಿ ಡಿಕ್ಕಿಗೆ ಹಾಕಿದೆ.

“ಸಾರ್, ಗಾಜು ಇಳ್ಸಿ. ಇಲ್ಲಾಂದ್ರೆ ಮಾತು ನಿಲ್ಸಿ.”

“ಥಂಡಿ ಆಗ್ತದಲ್ಲಮ್ಮ.”

“ಥಂಡಿಗೆ ಕಷಾಯ ಇದೆ ಸಾರ್. ಹೊಂಡಕ್ಕೆ ಬಿದ್ರೆ ಎಂತ ಇದೆ?”

ಅವರು ಕಣ್ಣು ಬಿಟ್ಟು ನೋಡಿದರು. ನಾನೂ ನೋಡಿದೆ. ಆಮೇಲೆ ತಾವೇ ಕಿಟಕಿ ಇಳಿಸಿದರು, ಮಾತೂ ನಿಂತಿತು. ಎರಡು ಫರ್ಲಾಂಗು ಹೋಗುವುದರೊಳಗೆ ಗಾಜು ತಿಳಿಯಾಯಿತು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದೆ, ರಿವರ್ಸ್ ಬಂದೆ, ಎದುರಾದ ಎತ್ತಿನ ಗಾಡಿಗೆ ದಾರಿ ಕೊಟ್ಟೆ. ಪಾಸು!

ಕಾರು ಮಾರುವುದಿಲ್ಲ ಎಂದು ಅಣ್ಣ ತೀರ್ಥಹಳ್ಳಿಗೆ ಕಾಗದ ಹಾಕಿದ. ಖುಷಿಯಿಂದ ಅವನನ್ನು ಒಂದು ಸುತ್ತು ಕರೆದೊಯ್ದೆ. ಪಕ್ಕದಲ್ಲಿ ಕೂತವನೇ ಕಿಟಕಿ ಏರಿಸಿದ, ಹೇಗೆ ಓಡಿಸಬೇಕೆಂದು ಬುದ್ಧಿ ಹೇಳತೊಡಗಿದ. ಮತ್ತೆ ಹಬೆ. ನಿಧಾನ, ನಿಂಗೆ ದಾರಿ ಕಾಣ್ತಿಲ್ಲ ಎಂದ.

ಒಳಗೆ ಕೂತು ಹಬೆ ಎಬ್ಬಿಸುವವರು ನೀವು, ದಾರಿ ಕಾಣದವಳು ಮಾತ್ರ ನಾನು. ಇದು ಯಾವ ನ್ಯಾಯ ಸ್ವಾಮಿ?